ಪಾಟಾ ಹೆಚ್ಚಿಸಿದರೆ ಗಾಡಿಯ ತಾಕತ್ತು ಹೆಚ್ಚುತ್ತದೆಯೇ?

"ಹಿಂದ ಎರಡು ಪಾಟಾ ಜಾಸ್ತಿ ಹಾಕ್ಸೇನ್ರಿ, ಇನ್ನೊಂದು ಟನ್ ಆರಾಮ ಹೊರತೈತಿ." ರೋಣ, ನರಗುಂದ, ಗಜೇಂದ್ರಗಡದ ಕಡೆ ಪಿಕಪ್ ಗಾಡಿ ಇಟ್ಟವರ ಬಾಯಲ್ಲಿ ಇಂಥ ಮಾತು ಹೊಸದೇನಲ್ಲ. ಉಳ್ಳಾಗಡ್ಡಿ, ಕಡಲೆ, ಹೆಸರು, ಗೋವಿನಜೋಳದ ಸುಗ್ಗಿ ಬಂತೆಂದರೆ ಒಂದೇ ಟ್ರಿಪ್ಪಿನಲ್ಲಿ ಮಾರುಕಟ್ಟೆ ಮುಟ್ಟಿಸುವ ಅವಸರ. ಗಾಡಿಯ ಹಿಂಭಾಗ ಕುಸಿದು ಕೂತರೆ ಗ್ಯಾರೇಜಿಗೆ ಹೋಗಿ ಲೀಫ್ ಸ್ಪ್ರಿಂಗಿಗೆ, ಅಂದರೆ ಪಾಟಾಕ್ಕೆ, ಇನ್ನೊಂದು ಪಟ್ಟಿ ಸೇರಿಸುವುದು. ಗಾಡಿ ಎದ್ದು ನಿಲ್ಲುತ್ತದೆ, ಮಾಲೀಕ ನಿರಾಳ.

ಇದೇ ನಂಬಿಕೆ ಈಗ ಇನ್ನೊಂದು ವರ್ಗಕ್ಕೂ ಹಬ್ಬಿದೆ. ಹಳೆಯ ಟೆಂಪೋ ಟ್ರಾವೆಲರ್ ಕೊಂಡು, ಸೀಟು ತೆಗೆಸಿ, ಒಳಗೆ ಮಂಚ, ಒಲೆ, ನೀರಿನ ಟ್ಯಾಂಕ್, ಬ್ಯಾಟರಿ ಕೂಡಿಸಿ "ಗಾಲಿ ಮೇಲಿನ ಮನೆ" ಮಾಡಿಕೊಂಡು ಬಾದಾಮಿ, ಐಹೊಳೆ, ಸೂಡಿ ಅಂತ ಸುತ್ತಬೇಕೆನ್ನುವವರು. ಮನೆ ಕಟ್ಟಿ ಮುಗಿಯುವಷ್ಟರಲ್ಲಿ ಗಾಡಿಯ ಬೆನ್ನು ಬಾಗಿರುತ್ತದೆ. ಪರಿಹಾರ ಅದೇ: ಹೆಚ್ಚುವರಿ ಪಾಟಾ, ಇಲ್ಲವೇ ಆಕ್ಸಲ್ ಮೇಲೆ ಗಾಳಿ ತುಂಬುವ ರಬ್ಬರ್ ಬೆಲ್ಲೋಸ್.

ಗಾಲಿ ಮೇಲಿನ ಮನೆ ಈ ಸೀಮೆಗೆ ಹೊಸದಲ್ಲ ಎಂಬುದು ಬೇರೆ ಮಾತು. ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಕೊಲ್ಲಾರಿ ಬಂಡಿ ಕಟ್ಟಿಕೊಂಡು, ಬುತ್ತಿ, ಪಾತ್ರೆ, ಹಾಸಿಗೆ, ಮಕ್ಕಳು ಮರಿ ಸಮೇತ ಹೊರಡುತ್ತಿದ್ದ ಕುಟುಂಬಗಳದ್ದು ಅದೇ ತಾನೆ? ಆ ಬಂಡಿಗೆ ಪಾಟಾವೇ ಇರಲಿಲ್ಲ. ಭಾರ ಹೆಚ್ಚಾದರೆ ಎತ್ತುಗಳು ನಿಂತುಬಿಡುತ್ತಿದ್ದವು. ಡೀಸೆಲ್ ಎಂಜಿನ್ ಹಾಗೆ ನಿಲ್ಲುವುದಿಲ್ಲ, ಎಳೆಯುತ್ತಲೇ ಇರುತ್ತದೆ. ಅದಕ್ಕೇ ಲೆಕ್ಕವನ್ನು ನಾವು ಮಾಡಬೇಕಾಗುತ್ತದೆ.

ಪಾಟಾ ನಿಜವಾಗಿ ಏನು ಮಾಡುತ್ತದೆ?

ಸಂತೆಯಲ್ಲಿ ಕೊಕ್ಕೆಗೆ ನೇತುಹಾಕಿ ತೂಗುವ ಸ್ಪ್ರಿಂಗ್ ತಕ್ಕಡಿಯನ್ನು ನೆನಪಿಸಿಕೊಳ್ಳಿ. ಹತ್ತು ಕಿಲೋ ಉಳ್ಳಾಗಡ್ಡಿ ಹಾಕಿದರೆ ಸ್ಪ್ರಿಂಗ್ ಇಷ್ಟು ಎಳೆಯುತ್ತದೆ, ಮುಳ್ಳು ಹತ್ತಕ್ಕೆ ಬರುತ್ತದೆ. ಒಳಗಿನ ಸ್ಪ್ರಿಂಗ್ ತೆಗೆದು ಅದಕ್ಕಿಂತ ಗಟ್ಟಿ ಸ್ಪ್ರಿಂಗ್ ಹಾಕಿದರೆ ಮುಳ್ಳು ಎಂಟಕ್ಕೇ ನಿಲ್ಲುತ್ತದೆ. ಚೀಲದಲ್ಲಿರುವ ಉಳ್ಳಾಗಡ್ಡಿ ಎರಡು ಕಿಲೋ ಕಡಿಮೆಯಾಯಿತೇ? ಕೊಕ್ಕೆ ಹಿಡಿದಿರುವ ಕೈಗೆ ಬೀಳುವ ಭಾರ ಕಡಿಮೆಯಾಯಿತೇ?

ಗಾಡಿಯ ಪಾಟಾದ್ದೂ ಇದೇ ಕತೆ. ಹಿಂಭಾಗ ಕುಸಿಯುವುದು ಆ ಗಾಡಿಯಲ್ಲಿ ತಯಾರಕರೇ ಇಟ್ಟುಕೊಟ್ಟ ತಕ್ಕಡಿಯ ಮುಳ್ಳು. ಒಂದೇ ದಪ್ಪ, ಒಂದೇ ಉದ್ದದ ಐದು ಪಟ್ಟಿಗಳ ಪಾಟಾ ಒಂದು ಭಾರಕ್ಕೆ 10 ಸೆಂಟಿಮೀಟರ್ ಬಾಗುತ್ತದೆ ಎಂದುಕೊಳ್ಳಿ. ಆರನೆಯ ಪಟ್ಟಿ ಸೇರಿಸಿದರೆ ಅದೇ ಭಾರಕ್ಕೆ ಸುಮಾರು 8.3 ಸೆಂಟಿಮೀಟರ್ ಬಾಗುತ್ತದೆ. ನೋಟಕ್ಕೆ ಗಾಡಿ ಸುಧಾರಿಸಿತು. ಆದರೆ ವೇ ಬ್ರಿಡ್ಜ್ ಮೇಲೆ ನಿಲ್ಲಿಸಿದರೆ ತೂಕ ಒಂದು ಗ್ರಾಂ ಕೂಡ ಇಳಿದಿರುವುದಿಲ್ಲ. ಹೊಸ ಪಟ್ಟಿಗಳ ಸ್ವಂತ ತೂಕ ಸೇರಿ ಕೆಲವು ಕಿಲೋ ಏರಿರುತ್ತದೆ. ಅಂದರೆ ಕಾಗದದ ಲೆಕ್ಕದಲ್ಲಿ ಆ ಗಾಡಿ ಕಾನೂನುಬದ್ಧವಾಗಿ ಹೊರಬಹುದಾದ ಸರಕು ಮೊದಲಿಗಿಂತ ಅಷ್ಟು ಕಡಿಮೆಯಾಗಿದೆ.

ಭಾರ ಪಾಟಾದಲ್ಲಿ ನಿಂತುಹೋಗುವುದಿಲ್ಲ ಎಂಬುದು ಇಲ್ಲಿ ಮುಖ್ಯ. ಸರಕಿನಿಂದ ಚಾಸಿಗೆ, ಚಾಸಿಯಿಂದ ಪಾಟಾಕ್ಕೆ, ಪಾಟಾದಿಂದ ಆಕ್ಸಲ್‌ಗೆ, ಅಲ್ಲಿಂದ ಹಬ್ ಬೇರಿಂಗ್, ರಿಮ್, ಟೈರ್, ಕೊನೆಗೆ ರಸ್ತೆ. ಇದೊಂದು ಸರಪಳಿ. ಗಾಡಿಯ ಒಟ್ಟು ತೂಕದ ಮಿತಿಯನ್ನು ಕಂಪನಿಯವರು ನಿಗದಿ ಮಾಡುವಾಗ ಇವೆಲ್ಲವನ್ನೂ, ಜೊತೆಗೆ ಬ್ರೇಕು, ಸ್ಟೇರಿಂಗುಗಳನ್ನೂ ಲೆಕ್ಕಕ್ಕೆ ಹಿಡಿದಿರುತ್ತಾರೆ. ನಾವು ಒಂದು ಕೊಂಡಿಯನ್ನು ದಪ್ಪ ಮಾಡಿದ್ದೇವೆ, ಉಳಿದವು ಹಾಗೆಯೇ ಇವೆ. ಮೊದಲು ಬಾಗಿ ಎಚ್ಚರಿಸುತ್ತಿದ್ದ ಕೊಂಡಿ ಈಗ ಬಾಗುವುದಿಲ್ಲವಾದ್ದರಿಂದ ಎಚ್ಚರಿಕೆ ಇಲ್ಲದೆ ಮುಂದಿನ ಕೊಂಡಿಗೆ ಏಟು ಬೀಳುತ್ತದೆ.

ಟೈರು ಏನು ಹೇಳುತ್ತದೆ

ಆ ಮುಂದಿನ ಕೊಂಡಿ ಬಹಳ ಸಲ ಟೈರು. ಪ್ರತಿ ಟೈರಿನ ಬದಿಯಲ್ಲಿ ಅಳತೆಯ ಪಕ್ಕ ಒಂದು ಅಂಕಿ ಅಚ್ಚಾಗಿರುತ್ತದೆ, ಅದು ಭಾರದ ಸೂಚ್ಯಂಕ. 91 ಎಂದಿದ್ದರೆ ಆ ಟೈರು ಸರಿಯಾದ ಗಾಳಿಯಲ್ಲಿ 615 ಕೆ.ಜಿ. ಹೊರಬಲ್ಲುದು, 100 ಎಂದಿದ್ದರೆ 800 ಕೆ.ಜಿ., 121 ಎಂದಿದ್ದರೆ 1,450 ಕೆ.ಜಿ. ಸರಕು ಗಾಡಿಯ ಟೈರಿನ ಮೇಲೆ 104/102 ಎಂದು ಎರಡು ಅಂಕಿ ಇರುವುದುಂಟು. ಒಂಟಿ ಟೈರು ಹಾಕಿದಾಗ 900 ಕೆ.ಜಿ., ಜೋಡಿ ಹಾಕಿದಾಗ ತಲಾ 850 ಕೆ.ಜಿ. ಎಂದು ಅದರ ಅರ್ಥ. ಹಿಂದಿನ ಆಕ್ಸಲ್‌ಗೆ 800 ಕಿಲೋದ ಎರಡೇ ಟೈರು ಇದ್ದರೆ, ಮೇಲೆ ಹತ್ತು ಪಾಟಾ ಜೋಡಿಸಿದರೂ ಆ ಆಕ್ಸಲ್ ಹೊರುವುದು 1,600 ಕೆ.ಜಿ. ಮಾತ್ರ.

ಮಿತಿ ಮೀರಿದ ಟೈರು ಪ್ರತಿ ಸುತ್ತಿಗೂ ಹೆಚ್ಚು ಬಾಗಿ ಹೆಚ್ಚು ಬಿಸಿಯಾಗುತ್ತದೆ. ಒಳಗಿನ ಪದರಗಳ ನಡುವಿನ ಬೆಸುಗೆ ಸಡಿಲವಾಗುತ್ತಾ ಹೋಗುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯಲ್ಲಿ, ಕಾದ ಡಾಂಬರಿನ ಮೇಲೆ, ಗಾಳಿ ಸ್ವಲ್ಪ ಕಡಿಮೆ ಇರುವ ಹಳೆಯ ಟೈರು ಸಿಡಿಯಲು ಬೇರೆ ಕಾರಣ ಬೇಕಿಲ್ಲ. ನಿನ್ನೆವರೆಗೂ ಏನೂ ಆಗಿರಲಿಲ್ಲ ಎಂಬ ಮಾತಿಗೆ ಇಲ್ಲಿ ಬೆಲೆ ಇಲ್ಲ. ಟೈರಿನ ಒಳಗಿನ ಹಾನಿ ದಿನದಿಂದ ದಿನಕ್ಕೆ ಕೂಡುತ್ತಾ ಹೋಗುವಂಥದ್ದು.

ಬ್ರೇಕಿನ ಕತೆ ಇನ್ನೂ ನೇರ. ಓಡುವ ಗಾಡಿಯನ್ನು ನಿಲ್ಲಿಸುವುದೆಂದರೆ ಅದರ ಚಲನಶಕ್ತಿಯನ್ನೆಲ್ಲ ಬ್ರೇಕಿನಲ್ಲಿ ಶಾಖವಾಗಿ ಕರಗಿಸುವುದು. ತೂಕ ಶೇ. 20 ಹೆಚ್ಚಾದರೆ ಶಾಖವೂ ಶೇ. 20 ಹೆಚ್ಚು. ಬಯಲಿನಲ್ಲಿ ಅದು ಗೊತ್ತಾಗುವುದಿಲ್ಲ. ಗಜೇಂದ್ರಗಡದ ಗುಡ್ಡ ಇಳಿಯುವಾಗ ಬ್ರೇಕ್ ತುಳಿಯುತ್ತಲೇ ಇದ್ದರೆ ಡ್ರಮ್ ಕಾದು ಹಿಡಿತ ಕಳೆದುಕೊಳ್ಳುತ್ತದೆ, ಆಗ ಗೊತ್ತಾಗುತ್ತದೆ. ಮೇಲಾಗಿ ಪಾಟಾ ಸೇರಿಸಿ ಗಾಡಿಯನ್ನು ಎತ್ತರಿಸಿದ್ದರೆ ಭಾರದ ಕೇಂದ್ರವೂ ಮೇಲೇರಿದೆ, ತಿರುವಿನಲ್ಲಿ ಮಗುಚುವ ವೇಗ ಕಡಿಮೆಯಾಗಿದೆ.

ಇನ್ನೊಂದು ಅಡ್ಡಪರಿಣಾಮ ಮರಳಿ ಬರುವಾಗಿನದು. ಮಾಲು ಇಳಿಸಿ ಖಾಲಿ ಹೊರಟ ಗಾಡಿಗೆ ಆ ಗಟ್ಟಿ ಪಾಟಾ ಬಾಗುವುದೇ ಇಲ್ಲ. ತಗ್ಗುದಿನ್ನೆಗಳಲ್ಲಿ ಹಿಂದಿನ ಚಕ್ರ ಪುಟಿಯುತ್ತದೆ, ನೆಲ ಬಿಟ್ಟಷ್ಟು ಹೊತ್ತು ಆ ಚಕ್ರಕ್ಕೆ ಬ್ರೇಕೂ ಇಲ್ಲ, ಹಿಡಿತವೂ ಇಲ್ಲ.

ಭಾರ ಎಷ್ಟು ಎಂಬುದಲ್ಲದೆ, ಎಲ್ಲಿದೆ?

ಗಾಲಿ ಮೇಲಿನ ಮನೆಯವರಿಗೆ ಈ ಪ್ರಶ್ನೆ ಹೆಚ್ಚು ಮುಖ್ಯ, ಏಕೆಂದರೆ ಸರಕು ಗಾಡಿ ಅರ್ಧ ದಾರಿ ಖಾಲಿ ಓಡುತ್ತದೆ, ಮನೆ ಯಾವತ್ತೂ ಖಾಲಿ ಓಡುವುದಿಲ್ಲ. ಲೆಕ್ಕಕ್ಕೆಂದು ಒಂದು ಗಾಡಿ ಹಿಡಿಯೋಣ, ಯಾವ ಕಂಪನಿಯದ್ದೂ ಅಲ್ಲ. ಆರ್‌ಸಿ ಪುಸ್ತಕದಲ್ಲಿ ಒಟ್ಟು ತೂಕದ ಮಿತಿ 3,500 ಕೆ.ಜಿ., ಸೀಟು ತೆಗೆದ ಖಾಲಿ ಗಾಡಿ 2,300 ಕೆ.ಜಿ. ಉಳಿದದ್ದು 1,200. ಕೇಳಲು ಬಹಳ ಎನಿಸುತ್ತದೆ. 18 ಮಿಲಿಮೀಟರ್ ದಪ್ಪದ, ಎಂಟು ಅಡಿಗೆ ನಾಲ್ಕು ಅಡಿಯ ಪ್ಲೈವುಡ್ ಹಲಗೆ ಒಂದಕ್ಕೆ ಸುಮಾರು 35 ಕೆ.ಜಿ. ಮಂಚ, ಕಪಾಟು, ಅಡುಗೆ ಕಟ್ಟೆ ಸೇರಿ ಎಂಟು ಹಲಗೆ ಎಂದರೆ 280. ನೀರು 150 ಲೀಟರ್, ಅಷ್ಟೇ ಕಿಲೋ. ತುಂಬಿದ ಮನೆಬಳಕೆಯ ಗ್ಯಾಸ್ ಸಿಲಿಂಡರ್ ಸುಮಾರು 30 (ಒಳಗಿನ ಗ್ಯಾಸ್ 14.2 ಮಾತ್ರ, ಉಳಿದದ್ದು ಕಬ್ಬಿಣ). ಮನೆಯ ಇನ್ವರ್ಟರಿಗೆ ಹಾಕುವಂಥ ಎರಡು ದೊಡ್ಡ ಬ್ಯಾಟರಿ 110. ಎಸಿ, ಫ್ರಿಜ್, ಇನ್ವರ್ಟರ್ ಸೇರಿ 120. ಹಾಸಿಗೆ, ಪಾತ್ರೆ, ಬಟ್ಟೆ, ದಿನಸಿ 120. ತಲಾ 65 ಕಿಲೋದ ಐದು ಜನ 325. ಕೂಡಿಸಿದರೆ 1,135. ಉಳಿದದ್ದು 65 ಕೆ.ಜಿ. ಅಷ್ಟರಲ್ಲಿ ಚಾವಣಿಯ ಸೋಲಾರ್ ಫಲಕ, ಸ್ಟೆಪ್ನಿ, ಕುರ್ಚಿಗಳು, ಎಲ್ಲ ಬರಬೇಕು.

ಒಟ್ಟು ಮಿತಿಯೊಳಗಿದ್ದರೂ ಒಂದು ಆಕ್ಸಲ್ ಮಿತಿ ಮೀರಿರಬಹುದು. ನೀರಿನ ಟ್ಯಾಂಕನ್ನು ಜಾಗ ಸಿಕ್ಕಿತೆಂದು ಹಿಂದಿನ ಬಾಗಿಲ ಬಳಿ, ಹಿಂದಿನ ಆಕ್ಸಲ್‌ಗಿಂತ 1.2 ಮೀಟರ್ ಹಿಂದೆ ಇಟ್ಟಿದ್ದೀರಿ ಎನ್ನೋಣ. ಎರಡು ಆಕ್ಸಲ್‌ಗಳ ನಡುವಿನ ಅಂತರ 3.6 ಮೀಟರ್. ಇದು ಮಕ್ಕಳ ಏರುಪೇರು ಹಲಗೆಯ ಲೆಕ್ಕವೇ. 150 ಕಿಲೋ ನೀರು ಹಿಂದಿನ ಆಕ್ಸಲ್ ಮೇಲೆ ಹಾಕುವ ಭಾರ 150 ಅಲ್ಲ, 200 ಕಿಲೋ. ಹೆಚ್ಚಿನ 50 ಕಿಲೋವನ್ನು ಅದು ಮುಂದಿನ ಆಕ್ಸಲ್‌ನಿಂದ ಕಿತ್ತುಕೊಂಡಿದೆ. ಸ್ಟೇರಿಂಗ್ ಹಗುರಾಗುತ್ತದೆ, ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಅದೇ ಟ್ಯಾಂಕನ್ನು ಹಿಂದಿನ ಆಕ್ಸಲ್‌ಗಿಂತ 60 ಸೆಂಟಿಮೀಟರ್ ಮುಂದಕ್ಕೆ ಇಟ್ಟರೆ ಹಿಂದೆ 125, ಮುಂದೆ 25. ಒಂದು ಪಟ್ಟಿಯನ್ನೂ ಸೇರಿಸದೆ ಹಿಂದಿನ ಆಕ್ಸಲ್‌ನಿಂದ 75 ಕಿಲೋ ಇಳಿಯಿತು. ನನ್ನ ಮಟ್ಟಿಗೆ ಹಿಂಭಾಗ ಕುಸಿದ ಗಾಡಿಗೆ ಮೊದಲ ಚಿಕಿತ್ಸೆ ಇದೇ: ಗ್ಯಾರೇಜಿಗೆ ಹೋಗುವ ಮುನ್ನ ಟೇಪು ಹಿಡಿದು ಒಳಗೆ ಏನು ಎಲ್ಲಿದೆ ಎಂದು ಅಳೆಯುವುದು.

ಕಾನೂನಿನ ಲೆಕ್ಕ

ಮೋಟಾರು ವಾಹನ ಕಾಯ್ದೆಯ 113ನೇ ಕಲಂ ಎರಡು ಮಿತಿ ಹಾಕುತ್ತದೆ. ಭಾರ ತುಂಬಿದ ಗಾಡಿಯ ತೂಕ ಆರ್‌ಸಿಯಲ್ಲಿ ಬರೆದ ಒಟ್ಟು ತೂಕ ಮೀರಬಾರದು, ಇದು ಎಲ್ಲರಿಗೂ ಗೊತ್ತು. ಖಾಲಿ ಗಾಡಿಯ ತೂಕವೂ ಆರ್‌ಸಿಯಲ್ಲಿ ಬರೆದ ಖಾಲಿ ತೂಕ ಮೀರಬಾರದು ಎಂಬುದನ್ನು ಕಪಾಟು ಹೊಡೆಸುವವರು ಗಮನಿಸುವುದಿಲ್ಲ. 52ನೇ ಕಲಂ ಪ್ರಕಾರ ತಯಾರಕರು ಕೊಟ್ಟ ವಿವರಗಳಿಗೆ ಹೊಂದದ ಹಾಗೆ ಮಾಲೀಕರು ಗಾಡಿಯನ್ನು ಬದಲಿಸುವಂತಿಲ್ಲ. ಕೇರಳದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಹೆಚ್ಚು ಭಾರಕ್ಕೆ 20,000 ರೂಪಾಯಿ, ಅದರ ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000 ರೂಪಾಯಿ ದಂಡ ಬಂತು. ಹೆಚ್ಚಿನ ಮಾಲನ್ನು ಅಲ್ಲೇ ಇಳಿಸಿ ಮುಂದೆ ಹೋಗಬೇಕು. ಒಪ್ಪಿಗೆಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕರಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ.

"2018ರಲ್ಲಿ ಸರ್ಕಾರವೇ ತೂಕ ಹೆಚ್ಚಿಸಿದೆಯಲ್ಲ?" ಎಂದು ಕೇಳುವವರಿದ್ದಾರೆ. ನಿಜ, ಆ ವರ್ಷದ ಜುಲೈನಲ್ಲಿ ಎರಡು ಆಕ್ಸಲ್‌ನ ಲಾರಿಯ ಗರಿಷ್ಠ ಮಿತಿ 16.2 ಟನ್ನಿನಿಂದ 18.5 ಟನ್ನಿಗೆ ಏರಿತು. ಅದು ದೊಡ್ಡ ಲಾರಿಗಳ ಆಕ್ಸಲ್‌ಗೆ ಹಾಕಿದ ಮೇಲ್ಮಿತಿ. ಮೂರೂವರೆ ಟನ್ನಿನ ಗಾಡಿಗೆ ಅದರಿಂದ ಒಂದು ಕಿಲೋ ಕೂಡ ಸಿಗುವುದಿಲ್ಲ. ಹಾಗೆಯೇ ಲಘು ವಾಹನದ ಲೈಸೆನ್ಸ್ ಇದ್ದವರು 7,500 ಕೆ.ಜಿ.ವರೆಗಿನ ಸಾರಿಗೆ ವಾಹನ ಓಡಿಸಬಹುದು ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರಿನಲ್ಲಿ ಹೇಳಿದ್ದು ಚಾಲಕರ ಅರ್ಹತೆಯ ಮಾತು, ನಿಮ್ಮ ಗಾಡಿ ಅಷ್ಟು ಹೊರಬಹುದೆಂದಲ್ಲ. ಕ್ಯಾರವಾನ್‌ಗಳಿಗೆಂದೇ ಎಐಎಸ್-124 ಎಂಬ ಮಾನದಂಡ ನಮ್ಮಲ್ಲಿದೆ. ಅದಕ್ಕೆ ಒಪ್ಪಿಗೆ ಪಡೆದು ಕಟ್ಟುವವರಿಂದ ಗಾಡಿ ಮಾಡಿಸಿದರೆ ಖರ್ಚು ಹೆಚ್ಚು, ಆದರೆ ಕಾಗದ ಸರಿ ಇರುತ್ತದೆ. ಅಪಘಾತವಾದಾಗ ವಿಮೆಯವರು ಮೊದಲು ಕೇಳುವುದೂ ಆ ಕಾಗದವನ್ನೇ.

ಗಾಳಿ ಗೋಪುರದವರು ಏನು ಮಾಡುತ್ತಾರೆ?

ಗಜೇಂದ್ರಗಡದ ಗುಡ್ಡಗಳ ಮೇಲೆ ಸಾಲು ಸಾಲು ಗಾಳಿಯಂತ್ರಗಳಿವೆ. ಅಂಥ ಯಂತ್ರಗಳ ಗೋಪುರದ ತುಂಡುಗಳನ್ನೂ ಹತ್ತಾರು ಟನ್ನಿನ ಯಂತ್ರಭಾಗವನ್ನೂ ಹೊರುವ ಟ್ರೇಲರ್‌ಗಳನ್ನು ಗಮನಿಸಿ ನೋಡಿದರೆ ಎಣಿಸಲು ಬೇಸರವಾಗುವಷ್ಟು ಚಕ್ರಗಳು. ಭಾರ ಹೆಚ್ಚಿದಂತೆ ಆಕ್ಸಲ್ ಸಾಲುಗಳನ್ನು ಜೋಡಿಸುತ್ತಾ ಹೋಗುತ್ತಾರೆ. ದೊಡ್ಡ ಹೈಡ್ರಾಲಿಕ್ ಟ್ರೇಲರ್‌ಗಳಲ್ಲಿ ಒಂದು ಗುಂಪಿನ ಆಕ್ಸಲ್‌ಗಳ ಎಣ್ಣೆಯ ಸಿಲಿಂಡರ್‌ಗಳು ಒಂದಕ್ಕೊಂದು ಕೂಡಿಕೊಂಡಿರುತ್ತವೆ. ಮುಚ್ಚಿದ ದ್ರವದಲ್ಲಿ ಒತ್ತಡ ಎಲ್ಲ ಕಡೆ ಸಮ ಎಂಬ ಪಾಸ್ಕಲ್ ನಿಯಮ ಇಲ್ಲಿ ಕೆಲಸ ಮಾಡುತ್ತದೆ. ಒಂದು ಚಕ್ರ ದಿನ್ನೆ ಹತ್ತಿದರೆ ಅದರ ಸಿಲಿಂಡರ್ ಒಳಸರಿದು ಎಣ್ಣೆ ಬೇರೆಯವಕ್ಕೆ ಹೋಗುತ್ತದೆ, ಭಾರ ಎಲ್ಲಕ್ಕೂ ಸಮನಾಗಿ ಉಳಿಯುತ್ತದೆ, ಮೇಲಿನ ಹಾಸು ಮಟ್ಟವಾಗಿ ನಿಲ್ಲುತ್ತದೆ. ಹೆಚ್ಚು ಹೊರಬೇಕೆಂದರೆ ನೆಲ ಮುಟ್ಟುವ ಚಕ್ರಗಳೇ ಹೆಚ್ಚಬೇಕು ಎಂಬುದನ್ನು ಬಲ್ಲವರ ವ್ಯವಸ್ಥೆ ಅದು.

ಅವರಿಗೆ ರಸ್ತೆಯ ಚಿಂತೆಯೂ ಇದೆ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 1958ರಿಂದ 1960ರವರೆಗೆ ಲಾರಿಗಳನ್ನು ಓಡಿಸಿ ಓಡಿಸಿ ರಸ್ತೆ ಕೆಡಿಸಿ ನೋಡಿದ ದೊಡ್ಡ ಪರೀಕ್ಷೆಯಿಂದ ಹೊರಟ ಅಂದಾಜಿನಂತೆ, ರಸ್ತೆಗಾಗುವ ಹಾನಿ ಆಕ್ಸಲ್ ಭಾರದ ನಾಲ್ಕನೇ ಘಾತದಷ್ಟು ಏರುತ್ತದೆ. ಶೇ. 20 ಹೆಚ್ಚು ಭಾರಕ್ಕೆ ಎರಡು ಪಟ್ಟು ಹಾನಿ, ಭಾರ ಇಮ್ಮಡಿಯಾದರೆ ಹದಿನಾರು ಪಟ್ಟು. ನಮ್ಮ ಹಳ್ಳಿ ರಸ್ತೆಗಳ ಕೆಳಗಿರುವುದೋ ಎರೆಮಣ್ಣು. ನೀರು ಕುಡಿದು ಉಬ್ಬುವ, ಒಣಗಿ ಬಿರಿಯುವ ಮಣ್ಣಿನ ಮೇಲೆ ಆ ಹಾನಿ ಬೇಗ ಕಣ್ಣಿಗೆ ಬೀಳುತ್ತದೆ.

ಹಾಗಾದರೆ ಸಸ್ಪೆನ್ಷನ್ ಸುಧಾರಣೆ ವ್ಯರ್ಥವೇ?

ಅಲ್ಲ. ಹಳೆಯ ಪಾಟಾ ದಣಿದು ಚಪ್ಪಟೆಯಾಗಿದ್ದರೆ ಅದನ್ನು ಮೂಲ ಅಳತೆಗೆ ತರುವುದು ಅಗತ್ಯ. ಎಣ್ಣೆ ಸೋರಿದ ಶಾಕ್ ಅಬ್ಸಾರ್ಬರ್ ಬದಲಿಸುವುದು ಎಷ್ಟೋ ಸಲ ಹೊಸ ಪಾಟಾಕ್ಕಿಂತ ಹೆಚ್ಚು ಉಪಕಾರ ಮಾಡುತ್ತದೆ, ಏಕೆಂದರೆ ತೂಗಾಟ ನಿಲ್ಲಿಸುವುದು ಸ್ಪ್ರಿಂಗ್ ಅಲ್ಲ, ಶಾಕ್ ಅಬ್ಸಾರ್ಬರ್. ಮಿತಿಯೊಳಗೇ ಇದ್ದು ಸದಾ ಮಿತಿಯ ಅಂಚಿನಲ್ಲಿ ಓಡುವ ಕ್ಯಾರವಾನಿಗೆ, ಆ ಗಾಡಿಗೆಂದೇ ಕಂಪನಿ ಒಪ್ಪಿದ ಗಾಳಿ ಸ್ಪ್ರಿಂಗ್ ಹಾಕಿಸಿದರೆ ಎತ್ತರ ಸರಿಯಾಗುತ್ತದೆ, ಓಲಾಟ ತಗ್ಗುತ್ತದೆ. ಎಡಬಲ ಬೇರೆ ಬೇರೆ ಗಾಳಿ ತುಂಬಿ ಒಂದು ಕಡೆಯ ಓರೆಯನ್ನೂ ಸರಿಪಡಿಸಬಹುದು. ಇವೆಲ್ಲ ಓಟದ ಗುಣ ಸುಧಾರಿಸುವ ಕೆಲಸಗಳು. ಇವುಗಳಿಂದ ಆರ್‌ಸಿಯ ಅಂಕಿ ಬದಲಾಗುವುದಿಲ್ಲ.

ಆ ಅಂಕಿಯೊಳಗಿದ್ದೇವೆಯೇ ಎಂದು ತಿಳಿಯಲು ಅಂದಾಜು ಬೇಡ. ಮಾರುಕಟ್ಟೆ, ಜಿನ್ನಿಂಗ್ ಮಿಲ್ಲುಗಳ ಆಸುಪಾಸಿನಲ್ಲಿ ಸಿಗುವ ವೇ ಬ್ರಿಡ್ಜಿಗೆ ಪ್ರಯಾಣಕ್ಕೆ ಹೊರಟ ಸ್ಥಿತಿಯಲ್ಲೇ ಹೋಗಿ: ಡೀಸೆಲ್, ನೀರು ತುಂಬಿರಲಿ, ಮನೆಮಂದಿ ಒಳಗೇ ಕೂತಿರಲಿ. ಮೊದಲು ಮುಂದಿನ ಚಕ್ರ ಮಾತ್ರ ಮೇಲಿಟ್ಟು ಚೀಟಿ ಪಡೆಯಿರಿ, ಆಮೇಲೆ ಇಡೀ ಗಾಡಿ, ಕೊನೆಗೆ ಹಿಂದಿನ ಚಕ್ರ ಮಾತ್ರ. ವೇ ಬ್ರಿಡ್ಜಿನ ಹಾಸು ಮತ್ತು ಹೊರಗಿನ ನೆಲ ಒಂದೇ ಮಟ್ಟದಲ್ಲಿರಬೇಕು, ಇಲ್ಲವಾದರೆ ಆಕ್ಸಲ್‌ನ ಅಂಕಿ ತಪ್ಪಾಗುತ್ತದೆ. ಮುಂದಿನದು ಹಿಂದಿನದು ಕೂಡಿಸಿದರೆ ಒಟ್ಟಿಗೆ ಹತ್ತಿರ ಬರಬೇಕು. ಆ ಮೂರು ಚೀಟಿ, ಆರ್‌ಸಿ, ಟೈರಿನ ಅಂಕಿ ಇಷ್ಟನ್ನು ಒಟ್ಟಿಗಿಟ್ಟು ನೋಡಿದರೆ ಏನು ಇಳಿಸಬೇಕು ಎಂಬುದು ತಾನಾಗಿ ಕಾಣುತ್ತದೆ. ಸಾಮಾನ್ಯವಾಗಿ ಮೊದಲು ಹೋಗಬೇಕಾದದ್ದು ನೀರು. ಹೋಗುವ ಊರಲ್ಲಿ ನೀರು ಸಿಗುತ್ತದೆಂದಾದರೆ 150 ಲೀಟರ್ ಹೊತ್ತು ತಿರುಗುವ ಅಗತ್ಯವಿಲ್ಲ.

ನಿಲ್ಲಿಸಿದ ಮೇಲಿನ ಮಟ್ಟ

ಗಾಡಿ ಮಟ್ಟವಾಗಿ ನಿಲ್ಲದಿದ್ದರೆ ನಿದ್ದೆ ಕೆಡುತ್ತದೆ, ಬಚ್ಚಲ ನೀರು ಹರಿಯುವುದಿಲ್ಲ, ಗ್ಯಾಸಿನಿಂದ ನಡೆಯುವ ಫ್ರಿಜ್ ಇದ್ದರೆ ಅದು ಸರಿಯಾಗಿ ತಂಪಾಗುವುದಿಲ್ಲ (ಅದರೊಳಗಿನ ದ್ರವ ಹರಿಯುವುದು ಗುರುತ್ವದಿಂದ). ಇದಕ್ಕೆಂದು ನಾಲ್ಕು ಮೂಲೆಗೆ ಹೈಡ್ರಾಲಿಕ್ ಜಾಕ್ ಕೂಡಿಸುವ ಆಸೆ ಹುಟ್ಟುತ್ತದೆ. ಮೇಲಿನ ಲೆಕ್ಕದಲ್ಲಿ ಉಳಿದ 65 ಕಿಲೋವನ್ನು ಅವೇ ತಿಂದುಹಾಕಬಹುದು. ಗೌಂಡಿಯವರ ರಸಮಟ್ಟವನ್ನು ಒಳಗಿನ ನೆಲದ ಮೇಲಿಟ್ಟು, ತಗ್ಗಿದ ಕಡೆಯ ಚಕ್ರದ ಕೆಳಗೆ ಗಟ್ಟಿ ಮರದ ಹಲಗೆ ಕೊಟ್ಟು ಅದರ ಮೇಲೆ ಗಾಡಿ ಹತ್ತಿಸಿದರೆ ಸಾಕು.

ಜಾಕ್ ಹಾಕುವುದೇ ಆದರೆ ನೆಲ ನೋಡಿ. ಒಂದು ಮೂಲೆಯ 1,000 ಕೆ.ಜಿ. 20 ಸೆಂಟಿಮೀಟರ್ ಚೌಕದ ಪಾದದ ಮೇಲೆ ಬಿದ್ದರೆ ಚದರ ಸೆಂಟಿಮೀಟರಿಗೆ 2.5 ಕೆ.ಜಿ. ಒಣ ಎರೆಮಣ್ಣಿಗೆ ಕಟ್ಟಡದವರು ಹಿಡಿಯುವ ಲೆಕ್ಕವೇ ಸುಮಾರು 1.5, ತೊಯ್ದ ಮೇಲಂತೂ ಇನ್ನೂ ಕಡಿಮೆ. ಪಾದದ ಕೆಳಗೆ 60 ಸೆಂಟಿಮೀಟರ್ ಚೌಕದ ಬಾಗದ ಹಲಗೆ ಕೊಟ್ಟರೆ ಅದು 0.3ಕ್ಕಿಂತ ಕೆಳಗಿಳಿಯುತ್ತದೆ. ಹೊಲದ ಬದುವಿನಲ್ಲಿ ಸಂಜೆ ಗಟ್ಟಿಯಾಗಿದ್ದ ನೆಲ ರಾತ್ರಿಯ ಒಂದು ಮಳೆಗೆ ಬೆಣ್ಣೆಯಾಗುತ್ತದೆ. ನರಗುಂದ ಪಟ್ಟಣದಲ್ಲಿ ಹಳೆಯ ಹಗೇವುಗಳಿರುವ ಕಡೆ ನೆಲ ಕುಸಿದ ಸುದ್ದಿಗಳನ್ನು ಓದಿದವರು ಊರೊಳಗೂ ಎಲ್ಲೆಂದರಲ್ಲಿ ಜಾಕ್ ಊರಲಾರರು. ಮಟ್ಟ ಮಾಡುವ ಭರದಲ್ಲಿ ಹಿಂದಿನ ಎರಡು ಚಕ್ರಗಳನ್ನೂ ನೆಲದಿಂದ ಎತ್ತಬೇಡಿ. ಇಂಥ ಬಹುತೇಕ ಗಾಡಿಗಳಲ್ಲಿ ಹ್ಯಾಂಡ್ ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು ಮಾತ್ರ. ಅವು ಗಾಳಿಯಲ್ಲಿದ್ದರೆ ಗಾಡಿಯನ್ನು ಹಿಡಿದು ನಿಲ್ಲಿಸುವುದು ಏನೂ ಇರುವುದಿಲ್ಲ, ಅದಕ್ಕೇ ಮುಂದಿನ ಚಕ್ರಗಳಿಗೆ ಎರಡೂ ಬದಿಯಿಂದ ಕಲ್ಲು ಕೊಟ್ಟ ಮೇಲೆಯೇ ಜಾಕಿಗೆ ಕೈ ಹಾಕಬೇಕು.